ಪರದೆಯಿಲ್ಲದ ಕಂಪ್ಯೂಟರು

ಸೋಮವಾರ ಬೆಳಿಗ್ಗೆ ಬೆರಳಕ್ಕನ ಕಂಪ್ಯೂಟರು ಮಾತಾಡಲಿಲ್ಲ.

ದಿನಾ ಮಾಡುವಂತೆ ಅವಳು ಕುರ್ಚಿಯ ಬೆನ್ನು ತಡವಿ ಕೂತು, ಮೇಜಿನ ಕೆಳಗಿದ್ದ ಡಬ್ಬದ ಗುಂಡಿಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿದಳು. ಫ್ಯಾನು ತಿರುಗಿತು. ಕಂಪ್ಯೂಟರಿನಲ್ಲಿರುವುದನ್ನು ಅವಳಿಗೆ ಓದಿ ಹೇಳುವ ಗಂಡಸಿನ ದನಿ ಎರಡು ನಿಮಿಷಕ್ಕೆ ಬರಬೇಕಿತ್ತು, ಬರಲಿಲ್ಲ. ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಬರೀ ಫ್ಯಾನು.

"ಇವನಿಗೇನಾಯ್ತೇ ಇರುವೆ? ಮುನಿಸ್ಕೊಂಡ್ನಾ?" ಎಂದಳು.

ಇರುವೆ ಎಂದರೆ ನಾನು. ನಡೆದರೆ ಸದ್ದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ ಎಂದು ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಅವಳು ಇಟ್ಟ ಹೆಸರು. ಅವಳಿಗೆ ಬೆರಳಕ್ಕ ಎಂದು ಹೆಸರಿಟ್ಟವರು ಅಂಧರ ಶಾಲೆಯ ಮಕ್ಕಳು. ಹುಟ್ಟಿನಿಂದ ಅವಳಿಗೆ ಕಣ್ಣಿಲ್ಲ. ಆದರೆ ಪುಟದಲ್ಲಿ ಒಂದು ಚುಕ್ಕಿ ತಪ್ಪಿದ್ದರೂ ಅವಳ ಎಡಗೈಯ ತೋರುಬೆರಳು ಅಲ್ಲಿಗೆ ಹೋಗಿ ನಿಂತುಬಿಡುತ್ತದೆ.

ನಮ್ಮದು ಬ್ರೈಲ್ ಪುಸ್ತಕ ಮಾಡುವ ಚಿಕ್ಕ ಮುದ್ರಣಾಲಯ. ಮುಂದಿನ ಕೋಣೆಯಲ್ಲಿ ಪ್ಯಾಕಿಂಗ್, ಹಿಂದಿನ ಕೋಣೆಯಲ್ಲಿ ನಾವಿಬ್ಬರು ಮತ್ತು ಕುಟ್ಟಾಣಿ. ಕುಟ್ಟಾಣಿ ಎಂದರೆ ದಪ್ಪ ಹಾಳೆಯ ಮೇಲೆ ಉಬ್ಬುಚುಕ್ಕಿ ಕುಟ್ಟುವ ಯಂತ್ರ. ಅದು ಶುರುವಾದರೆ ಗೋಡೆಯ ಮೇಲಿನ ಗಡಿಯಾರವೂ ನಡುಗುತ್ತದೆ. ಬೆರಳಕ್ಕನ ಕಂಪ್ಯೂಟರು ಮಾತುಗಳನ್ನು ಚುಕ್ಕಿ ಮಾಡಿ ಒಂದು ದಪ್ಪ ವೈರಿನಲ್ಲಿ ಕುಟ್ಟಾಣಿಗೆ ಕಳಿಸುತ್ತದೆ. ಹಾಳೆ ಹೊರಬಂದ ಮೇಲೆ ನಾನು ಅಚ್ಚಿನ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತೇನೆ, ಅವಳು ಅದೇ ಪುಟದ ಚುಕ್ಕಿಗಳ ಮೇಲೆ ಬೆರಳಾಡಿಸಿ ತಪ್ಪು ಹುಡುಕುತ್ತಾಳೆ. ಹೊಸ ಪ್ಯಾರಾ ಬಂದರೆ ನಾನು ಮೇಜಿಗೆ ಒಂದು ಸಲ ಕುಟ್ಟಬೇಕು. ಮೊದಲ ದಿನವೇ ಅವಳು ಎರಡು ಮಾತು ಹೇಳಿದ್ದಳು. ಕಂಡದ್ದನ್ನು ಕಂಡ ಹಾಗೆ ಓದು, ನಿನ್ನದೇನೂ ಸೇರಿಸಬೇಡ. ಓದುತ್ತಿರುವ ಕೈಯನ್ನು ಯಾವ ಕಾರಣಕ್ಕೂ ಮುಟ್ಟಬೇಡ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಮನೆಯಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ಎದ್ದು ನಿಂತು ಪಾಠ ಓದು ಎಂದರೆ ಇಡೀ ಕ್ಲಾಸಿನ ಮುಖಗಳು ನನ್ನ ಕಡೆ ತಿರುಗುತ್ತಿದ್ದವು, ನನ್ನ ಗಂಟಲು ಕಟ್ಟುತ್ತಿತ್ತು, ಅದೂ ಒಂದು ಕಾರಣ. ಇಲ್ಲಿ ದಿನಕ್ಕೆ ಆರು ಗಂಟೆ ಓದುತ್ತೇನೆ. ಬೆರಳಕ್ಕ ನನ್ನ ಕಡೆ ಮುಖ ತಿರುಗಿಸುವುದಿಲ್ಲ, ಬಲಗಿವಿಯನ್ನಷ್ಟೇ ತಿರುಗಿಸುತ್ತಾಳೆ. ಒಂದು ಕಿವಿಯ ಮುಂದೆ ಓದಲು ನನಗೆ ಎಂದೂ ಹೆದರಿಕೆಯಾಗಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಬಂದರು. ಕೆಟ್ಟವರಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದೇ ಮಾತಾಡುತ್ತಾರೆ. ಯಾರಿಗೆ ಯಾವುದು ಒಳ್ಳೆಯದು ಎಂದು ಕೇಳುವ ಅಭ್ಯಾಸ ಮಾತ್ರ ಇಲ್ಲ.

"ಅಕ್ಕಾ, ಇದು ಹೋಯ್ತು ಅಂದ್ಕೊಳ್ಳಿ. ಇದರ ಸಿಸ್ಟಂ ಎಷ್ಟು ಹಳೇದು ಗೊತ್ತಾ? ಮಾಡಿದೋರೇ ಕೈ ತೊಳ್ಕೊಂಡು ವರ್ಷಗಳಾಯ್ತು."

"ಹಾಗಾದ್ರೆ ಹೊಸದೊಂದು ಕೊಡ್ಸಿ."

"ಹೊಸದಕ್ಕೆ ನಿಮ್ಮ ಕುಟ್ಟಾಣಿ ಹೊಂದಲ್ಲ. ಆ ದಪ್ಪ ವೈರು ಸಿಕ್ಕಿಸೋಕೆ ಜಾಗಾನೇ ಇರಲ್ಲ. ಚುಕ್ಕಿ ಮಾಡೋ ಪ್ರೋಗ್ರಾಮೂ ಹಳೇ ಸಿಸ್ಟಂ ಬಿಟ್ಟು ಬೇರೆದ್ರಲ್ಲಿ ಎದ್ದೇಳಲ್ಲ." ಅವರು ಕುಟ್ಟಾಣಿಯ ಮೇಲೆ ಕೈಯಿಟ್ಟು ಧೂಳು ನೋಡಿಕೊಂಡರು. "ಹೆಡ್ ಆಫೀಸಲ್ಲಿ ದೊಡ್ಡ ಯಂತ್ರ ಬಂದಿದೆ, ಇನ್ಮೇಲೆ ಪುಸ್ತಕ ಎಲ್ಲ ಅಲ್ಲೇ ಅಂತೆ. ಶನಿವಾರ ಗುಜರಿಯವನಿಗೆ ಬರೋಕೆ ಹೇಳ್ತೀನಿ. ನೀವೂ ಎಷ್ಟೂಂತ ದುಡೀತೀರಿ? ಅಣ್ಣನ ಮನೇಲಿ ಆರಾಮಾಗಿರಿ. ಇವಳನ್ನ ಪ್ಯಾಕಿಂಗಿಗೆ ಹಾಕ್ಕೊಳ್ತೀನಿ."

ಬೆರಳಕ್ಕ ಮಡಿಲಲ್ಲಿ ಕೈ ಇಟ್ಟುಕೊಂಡು ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. "ಶನಿವಾರದೊಳಗೆ ಸರಿ ಹೋದ್ರೆ?"

"ಸರಿ ಹೋದ್ರೆ ನಾನ್ಯಾಕೆ ಬೇಡ ಅಂತೀನಿ?"

ಅವರು ಹೋದ ಮೇಲೆ ಬೆರಳಕ್ಕ ಶುರುಮಾಡಿದಳು.

"ಅಣ್ಣ ಒಳ್ಳೆಯವನೇ ಕಣೇ. ಅತ್ತಿಗೇನೂ ಚಿನ್ನದಂಥೋಳು. ನಾನು ಎದ್ರೆ ಕೈ ಹಿಡ್ಕೊಳ್ತಾರೆ, ಕೂತ್ರೆ ತಟ್ಟೆ ತಂದಿಡ್ತಾರೆ. ಎರಡು ದಿನ ಚೆನ್ನಾಗಿರುತ್ತೆ. ಮೂರನೇ ದಿನ ಈ ಬೆರಳಿಗೆ ಏನು ಕೊಡ್ಲಿ ಹೇಳು?"

ನಾನು ಎದ್ದೆ. ಕಪಾಟು ತೆಗೆದು, ಕೆಟ್ಟರೆ ಮತ್ತೆ ಹಾಕಿಕೊಳ್ಳಲೆಂದು ಆ ಸಿಸ್ಟಂ ಜತೆಗೆ ಬಂದಿದ್ದ ಡಿವಿಡಿ ಹುಡುಕಿದೆ. ಅದರ ಮೇಲೂ ಅವಳು ಚುಕ್ಕಿಯ ಚೀಟಿ ಅಂಟಿಸಿದ್ದಳು, ಆದ್ದರಿಂದ ಬೇಗ ಸಿಕ್ಕಿತು. ಆದರೆ ನಮ್ಮ ಕಂಪ್ಯೂಟರಿನ ಡಿವಿಡಿ ಬಾಯಿ ತೆರೆಯದೆ ಎರಡು ವರ್ಷವಾಗಿತ್ತು.

ಎದುರು ರಸ್ತೆಯಲ್ಲಿ ಜೆರಾಕ್ಸ್ ಆಂಟಿಯ ಅಂಗಡಿ. ಕಂಪ್ಯೂಟರು ಬಿಚ್ಚುವುದು, ಜೋಡಿಸುವುದು ಎಲ್ಲ ತಾನೇ ಕಲಿತವಳು. ಅವಳ ಬಾಯಿಗೆ ನಾನು ಹೆದರುತ್ತೇನೆ. ಅದಕ್ಕೆ ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮಂಗಳವಾರ ಬೆಳಿಗ್ಗೆ ಡಿವಿಡಿ ಜತೆ ಅವಳ ಮುಂದಿಟ್ಟೆ.

"ನಾನೇನೋ ಪ್ರೇಮಪತ್ರ ಅಂದ್ಕೊಂಡೆ," ಎಂದು ಆಂಟಿ ಕನ್ನಡಕ ಏರಿಸಿ ಓದಿದಳು. ಪೂರ್ತಿ ಓದಿದ ಮೇಲೆ ಅವಳ ಮುಖದಲ್ಲಿ ನಗು ಇರಲಿಲ್ಲ. "ಬೆರಳಕ್ಕನ್ನ ಮನೇಲಿ ಕೂರಿಸ್ತಾರಂತಾ? ಬಾ ಇಲ್ಲಿ, ಸ್ಟೂಲ್ ಎಳ್ಕೋ. ಪೆನ್‌ಡ್ರೈವಿಗೆ ಹಾಕೋಣ."

ಅವಳು ಡಿವಿಡಿಯನ್ನು ಸೆರಗಿನಿಂದ ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದಳು. ಆಮೇಲೆ ಮೇಜಿನ ಖಾನೆ ಎಳೆದಳು. ಗಿರಾಕಿಗಳು ಮರೆತುಹೋದ ಪೆನ್‌ಡ್ರೈವುಗಳು ಒಂದು ಡಬ್ಬಿ ತುಂಬ ಇದ್ದವು. ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು, ಇಟ್ಟಳು.

"ಉಹುಂ. ಇದ್ರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ. ನಾಳೆ ಯಾರೋ ಬಂದು ನನ್ನ ಮಗೂನ ಫೋಟೋ ಅಂದ್ರೆ ಏನು ಮಾಡ್ಲಿ?" ಕೊನೆಗೆ ತನ್ನ ಬ್ಯಾಗಿನಿಂದ ಒಂದು ಕೆಂಪು ಪೆನ್‌ಡ್ರೈವ್ ತೆಗೆದಳು. "ನನ್ನ ಸೀರಿಯಲ್ಲು. ನಲವತ್ತು ಎಪಿಸೋಡು ಇನ್ನೂ ನೋಡೇ ಇಲ್ಲ. ಹೋಗ್ಲಿ, ಆ ಸೊಸೆ ಹೇಗೂ ಉದ್ಧಾರ ಆಗೋಳಲ್ಲ."

ಡಿವಿಡಿಯಲ್ಲಿದ್ದುದನ್ನು ನಾವು ಹಾಗೇ ಎತ್ತಿ ಪೆನ್‌ಡ್ರೈವಿಗೆ ಹಾಕಿದರೆ ಸಾಲದೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಕಣ್ಣು ಓದಿದವಳಂತೆ ಅವಳೇ ಹೇಳಿದಳು.

"ಬರೀ ಕಾಪಿ ಮಾಡಿದ್ರೆ ಅದು ಸಾಮಾನು ತುಂಬಿದ ಚೀಲ ಅಷ್ಟೇ. ಕಂಪ್ಯೂಟರಿಗೆ ಜೀವ ಬರೋ ಹೊತ್ತಲ್ಲಿ ಅದು ಪೆನ್‌ಡ್ರೈವ್ ಹಣೆ ಮಾತ್ರ ನೋಡುತ್ತೆ. ಇಲ್ಲಿಂದ ಶುರು ಮಾಡು ಅಂತ ಹಣೇಲಿ ಬರೆದಿರಬೇಕು. ಬರೆಯೋಕೆ ಈ ಚಿಕ್ಕ ಪ್ರೋಗ್ರಾಮು." ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟಳು. "ಇಲ್ಲಿ ಎರಡು ಥರ ಕೇಳುತ್ತೆ, ನೋಡು. ಹೊಸ ಕಂಪ್ಯೂಟರಿಗೆ ಬೇರೆ ಬರಹ, ಹಳೇದಕ್ಕೆ ಬೇರೆ. ಮುದುಕನಿಗೆ ಮುದುಕನ ಭಾಷೇಲೇ ಹೇಳ್ಬೇಕು. ಹಳೇದು ಒತ್ತು."

ನಾನೇ ಒತ್ತಿದೆ. ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ ಎಂದು ಅದು ಕೇಳಿತು. ಆಂಟಿ ಒಂದು ಕ್ಷಣ ಸೀರಿಯಲ್ಲಿಗೆ ಕೈ ಮುಗಿದು, ಹೂಂ ಎಂದಳು. ಹಸಿರು ಪಟ್ಟಿ ಇಷ್ಟಿಷ್ಟೇ ಬೆಳೆಯಿತು. ಅಷ್ಟರಲ್ಲಿ ಮೂವರು ಗಿರಾಕಿಗಳು ಬಂದುಹೋದರು.

ಬುಧವಾರ ಆಂಟಿ ಸ್ಕ್ರೂಡ್ರೈವರ್ ಹಿಡಿದು ನಮ್ಮ ಕೋಣೆಗೆ ಬಂದಳು. ಡಬ್ಬ ಬಿಚ್ಚಿ, ಒಳಗಿನ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಳು. ಸಿಸ್ಟಂ ಇದ್ದ ಜಾಗ ಕೆಟ್ಟಿತ್ತು. ಪುಸ್ತಕಗಳಿದ್ದ ಜಾಗ ಇನ್ನೂ ಚೆನ್ನಾಗಿತ್ತು. ಬೆರಳಕ್ಕ ಹದಿನಾಲ್ಕು ವರ್ಷ ಕೂತು ತಿದ್ದಿದ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳು ಆ ಒಂದು ಡಿಸ್ಕಿನಲ್ಲಿದ್ದವು. ಇನ್ನೊಂದು ಕಾಪಿ ಬೇರೆ ಕಡೆ ಇಡಬೇಕು ಎಂದು ಮ್ಯಾನೇಜರ್ ವರ್ಷವರ್ಷವೂ ಹೇಳುತ್ತಿದ್ದರು, ಅಷ್ಟೇ.

"ನನ್ನ ಹತ್ರ ಒಂದು ಖಾಲಿ ಡಿಸ್ಕು ಬಿದ್ದಿದೆ, ಅದನ್ನ ಮೊದಲನೇ ಜಾಗಕ್ಕೆ ಹಾಕ್ತೀನಿ, ಯಾವುದಕ್ಕೂ ಪೂರ್ತಿ ಒರೆಸಿ ಸಿಸ್ಟಂ ಅದಕ್ಕೆ ಹಾಕ್ಕೊಳ್ಳಿ," ಎಂದಳು ಆಂಟಿ. "ಹಳೇದು ಎರಡನೇದಾಗಿ ಪಕ್ಕದಲ್ಲೇ ಇರ್ಲಿ. ಆಮೇಲೆ ಪುಸ್ತಕ ಎಲ್ಲ ಎಳ್ಕೊಳ್ಳೋದು."

"ಆಯ್ತು. ಹೊಸದು ಮೊದಲು, ಹಳೇದು ಎರಡನೇದು," ಎಂದು ಬೆರಳಕ್ಕ ಬಾಯಿಪಾಠ ಮಾಡಿಕೊಂಡಳು.

ನಾನು ಆಂಟಿಯ ಕೈಯನ್ನೇ ನೋಡುತ್ತ ನಿಂತಿದ್ದೆ. ಮೊದಲನೇ ವೈರು ಗಿಡ್ಡವಾಯಿತು. ಅವಳು ಗೊಣಗಿಕೊಂಡು, ಹಳೆಯದನ್ನು ಅದಕ್ಕೇ ವಾಪಸ್ ಸಿಕ್ಕಿಸಿ, ಹೊಸದನ್ನು ಉದ್ದದ ಎರಡನೇ ವೈರಿಗೆ ಹಾಕಿದಳು. ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕೂಗಿದರು. "ಪೆನ್‌ಡ್ರೈವ್ ಹಿಂದಿನ ತೂತಿಗೆ ಹಾಕಿ, ಆನ್ ಮಾಡುವಾಗ ಎಫ್ ಹನ್ನೆರಡು ಒತ್ಕೊಂಡಿರಿ, ಮುಂದೆ ಸುಲಭ," ಎಂದವಳೇ ಓಡಿದಳು.

ಗುರುವಾರ ಬೆಳಿಗ್ಗೆ ಪೆನ್‌ಡ್ರೈವ್ ಹಾಕಿದೆವು. ಬೆರಳಕ್ಕ ಎಫ್ ಹನ್ನೆರಡು ಒತ್ತಿ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಅದುಮಿದಳು. ಫ್ಯಾನು ತಿರುಗಿತು. ನಾವಿಬ್ಬರೂ ಕೈಕಟ್ಟಿ ಕೂತೆವು.

"ಹಳೇ ಯಂತ್ರ, ನಿಧಾನ," ಎಂದಳು ಅವಳು ಸುಮಾರು ಹೊತ್ತಿನ ಮೇಲೆ.

"ಹೂಂ," ಎಂದೆ.

ಹನ್ನೊಂದು ಗಂಟೆ ಆಯಿತು. ಊಟದ ಡಬ್ಬಿ ತೆಗೆದು ಸದ್ದಾಗದಂತೆ ತಿಂದೆವು, ದನಿ ಬಂದರೆ ಕೇಳದೇ ಹೋದೀತು ಎಂದು. ಎರಡು ಗಂಟೆಗೆ ಆಂಟಿ ಬಾಗಿಲಲ್ಲಿ ಇಣುಕಿದಳು.

"ಎಲ್ಲಿಗೆ ಬಂತು?"

"ಇನ್ನೂ ಮಾತಾಡಿಲ್ಲ," ಎಂದಳು ಬೆರಳಕ್ಕ.

ಆಂಟಿ ಮೇಜನ್ನು ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಸ್ಕ್ರೀನೆಲ್ಲಿ?"

ನಮ್ಮ ಕಂಪ್ಯೂಟರಿಗೆ ಪರದೆ ಇರಲಿಲ್ಲ. ನಾನು ಕಂಡಂತೆ ಎಂದೂ ಇರಲಿಲ್ಲ. ಬೆರಳಕ್ಕನಿಗೆ ಅದರ ಅಗತ್ಯವಿಲ್ಲ, ಮೇಜಿನ ಮೇಲೆ ಹಾಳೆ ಹರಡಲು ಜಾಗ ಬೇಕು ಎಂದು ಮೊದಲ ದಿನವೇ ಯಾರಿಗೋ ಕೊಟ್ಟುಬಿಟ್ಟಿದ್ದಳಂತೆ. ಸಿಸ್ಟಂ ಹಾಕುವಾಗ ಅದು ಮಾತಾಡುವುದಿಲ್ಲ, ಬರೆದು ತೋರಿಸುತ್ತದೆ. ಅವಳಿಗೆ ಹೊಳೆಯದ್ದು ಸರಿ. ಎರಡು ಕಣ್ಣಿಟ್ಟುಕೊಂಡು ನಾನೂ ಬೆಳಗಿನಿಂದ ಕಿವಿ ಕೊಟ್ಟು ಕೂತಿದ್ದೆ. ಈ ಕೋಣೆಯಲ್ಲಿ ಕಂಪ್ಯೂಟರು ಎಂದರೆ ಮಾತಾಡುವಂಥದ್ದು ಎಂದು ನನಗೂ ರೂಢಿಯಾಗಿಹೋಗಿತ್ತು.

ಆಂಟಿ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. "ಅಲ್ವೇ, ಅದು ಅಲ್ಲಿ ಮೂಕನ ಹಾಗೆ ಕೈ ಬಾಯಿ ತಿರುಗಿಸ್ತಾ ಇದ್ರೆ, ನೀವಿಬ್ರೂ ಇಲ್ಲಿ ಬುತ್ತಿ ತಿಂದ್ಕೊಂಡು..."

ಬೆರಳಕ್ಕನೂ ನಕ್ಕಳು. ಆದರೆ ಅವಳ ಹೆಬ್ಬೆರಳು ಮತ್ತೆ ಬೆರಳತುದಿಗಳನ್ನು ಉಜ್ಜತೊಡಗಿದ್ದನ್ನು ನಾನು ನೋಡಿದೆ. ಒಂದು ದಿನ ಹೋಗಿತ್ತು.

ಶುಕ್ರವಾರ ಆಂಟಿಯ ಅಂಗಡಿಯ ಪರದೆಯನ್ನು ಎದೆಗವಚಿಕೊಂಡು ರಸ್ತೆ ದಾಟಿದೆ. "ಸಂಜೆ ಐದಕ್ಕೆ ವಾಪಸ್ ಬರಬೇಕು, ಇಲ್ಲಾಂದ್ರೆ ಗಿರಾಕಿಗಳು ನನ್ನ ಮುಖ ನೋಡ್ಕೊಂಡು ಕೂರಬೇಕು," ಎಂದಿದ್ದಳು ಅವಳು. ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿ, ನಾವು ದಿನಾ ಕೂರುವಂತೆ ಕೂತೆವು. ಬೆರಳಕ್ಕನ ಕೈ ಕೀಲಿಮಣೆಯ ಮೇಲೆ, ಅವಳ ಬಲಗಿವಿ ನನ್ನ ಕಡೆ.

ಪರದೆಯ ಮೇಲೆ ಅಕ್ಷರ ಮೂಡಿತು. ಎಲ್ಲ ಇಂಗ್ಲಿಷು. ನನಗೆ ಇಂಗ್ಲಿಷ್ ಓದಲು ಬರುತ್ತದೆ ಎಂದರೆ ಬರುತ್ತದೆ, ಬೇಗ ಬರುವುದಿಲ್ಲ. ಒಂದೊಂದೇ ಅಕ್ಷರ ಹೇಳಿದೆ. ಸಾಲು ಮುಗಿದಾಗ ಮೇಜಿಗೆ ಕುಟ್ಟಿದೆ. ಬೆರಳಕ್ಕ ಅಕ್ಷರಗಳನ್ನು ತಲೆಯಲ್ಲಿ ಕೂಡಿಸಿ, "ಭಾಷೆ ಕೇಳ್ತಿದೆ, ಮುಂದೆ ಹೋಗೋಣ," ಎನ್ನುತ್ತಿದ್ದಳು. "ಇದು ಕರಾರು. ಯಾರೂ ಓದಲ್ಲ. ಎಷ್ಟು ಉದ್ದ ಇದೆ?"

"ತುಂಬಾ."

"ಹಾಗಾದ್ರೆ ಒಪ್ಕೊಂಡ್ವಿ."

ಹೀಗೆ ಅರ್ಧ ಗಂಟೆ ಹೋಯಿತು. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಆಮೇಲೆ ಸಿಸ್ಟಂ ಎಲ್ಲಿ ಹಾಕಲಿ ಎಂದು ಕೇಳುವ ಪುಟ ಬಂತು. ಎರಡು ಸಾಲುಗಳಿದ್ದವು. ಓದಿದೆ.

"ಡಿಸ್ಕ್ ಸೊನ್ನೆ. ಡಿಸ್ಕ್ ಒಂದು."

"ಸೊನ್ನೆ ಅಂದ್ರೆ ಮೊದಲನೇದು. ಅದೇ ಹೊಸದು. ಆಂಟಿ ಹೇಳಿದ್ಲಲ್ಲ, ಅದನ್ನ ಪೂರ್ತಿ ಒರೆಸಿ ಹಾಕ್ಕೊಳ್ಳಿ ಅಂತ. ಗುರುತು ಅದರ ಮೇಲಿದೆಯಾ ಈಗ?"

"ಅದರ ಮೇಲಿದೆ."

"ಒರೆಸೋದು ಎಲ್ಲಿದೆ?"

ಹೇಳಿದೆ. ಅವಳು ಕೀಲಿ ಎಣಿಸುತ್ತ ಅಲ್ಲಿಗೆ ಹೋದಳು. ಇದರಲ್ಲಿರುವುದೆಲ್ಲ ಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಅದನ್ನೂ ಅಕ್ಷರ ಅಕ್ಷರವಾಗಿ ಓದಿದೆ. ಓದುತ್ತಿರುವಾಗಲೇ ನನ್ನ ಕಣ್ಣು ಆ ಸಾಲುಗಳ ಬಲತುದಿಗೆ ಹೋಯಿತು. ಸೊನ್ನೆಯ ಮುಂದೆ ಖಾಲಿ ಜಾಗ ಎಂಬಲ್ಲಿ ಚಿಕ್ಕ ಅಂಕಿ. ಒಂದರ ಮುಂದೆ ದೊಡ್ಡ ಅಂಕಿ. ಹೊಸ ಡಿಸ್ಕಿನಲ್ಲಿ ಏನಿರಲು ಸಾಧ್ಯ? ಬುಧವಾರ ಆಂಟಿ ಗೊಣಗಿದ್ದು, ವೈರು ಗಿಡ್ಡವಾದದ್ದು, ಅವಳ ಕೈ ಅದಲು ಬದಲು ಮಾಡಿದ್ದು ಎಲ್ಲ ಕಣ್ಣ ಮುಂದೆ ಬಂತು.

ಬೆರಳಕ್ಕನ ಬೆರಳು ಎಂಟರ್ ಕೀಲಿಯ ಮೇಲೆ ಬಂದಿತ್ತು. ನನ್ನ ಗಂಟಲು ಶಾಲೆಯಲ್ಲಿ ಕಟ್ಟುತ್ತಿದ್ದ ಹಾಗೆಯೇ ಕಟ್ಟಿತು. ನಾನು ಅವಳ ಕೈಯನ್ನು ಹಿಡಿದುಬಿಟ್ಟೆ.

ಅವಳು ಬೆಂಕಿ ತಾಕಿದವಳಂತೆ ಬೆಚ್ಚಿದಳು. ಮೂರು ವರ್ಷದಲ್ಲಿ ನಾನು ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು. ತುದಿಗಳು ಇಷ್ಟು ಮೆತ್ತಗಿರುತ್ತವೆ ಎಂದು ನಾನು ಅಂದುಕೊಂಡಿರಲಿಲ್ಲ.

"ಏನೇ?"

"ಅದು ಹಳೇದು," ಎಂದೆ. ದನಿ ನನ್ನದಲ್ಲವೆಂಬಂತೆ ಬಂತು.

"ಹಾಗಂತ ಬರೆದಿದೆಯಾ?"

"ಬರೆದಿಲ್ಲ. ನಾನು ನೋಡಿದ್ದೆ. ಆಂಟಿ ವೈರು ಬದಲಾಯಿಸಿದ್ರು. ಹೇಳೋಕೆ ಮರೆತ್ರು. ಮೊದಲನೇದ್ರಲ್ಲಿ ಖಾಲಿ ಜಾಗ ಸ್ವಲ್ಪಾನೇ ಇದೆ. ಅದ್ರಲ್ಲಿ ಪುಸ್ತಕ ಇದೆ, ಅಕ್ಕಾ. ಎಲ್ಲಾ ಪುಸ್ತಕ."

ನಾನು ಹಿಂದೆಂದೂ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದಿಲ್ಲ. ಬೆರಳಕ್ಕ ಕೀಲಿಮಣೆಯಿಂದ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅವಳು ಮುಖವನ್ನೇ ನನ್ನ ಕಡೆ ತಿರುಗಿಸಿದಳು.

"ಬುಧವಾರವೇ ನೋಡಿದ್ದೀಯ. ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

"ನೀವು ಸೇರಿಸಬೇಡ ಅಂದಿದ್ರಿ."

"ಪುಸ್ತಕ ಓದುವಾಗ ಕಣೇ, ಪೆದ್ದಿ. ಬದುಕುವಾಗ ಅಲ್ಲ." ಅವಳ ಕೈ ಗಾಳಿಯಲ್ಲಿ ತಡಕಾಡಿ ನನ್ನ ತಲೆಗೆ ಸಿಕ್ಕಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. "ಈಗ ಹೇಳು. ನೀನೇನು ಮಾಡ್ತಿದ್ದೆ?"

"ಬೇಡ ಅಂತ ಒತ್ತಿ ಹಿಂದೆ ಹೋಗ್ತಿದ್ದೆ. ಕೆಳಗಿನ ಸಾಲಿಗೆ ಇಳೀತಿದ್ದೆ."

"ಇಳಿ."

ಅವಳು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೀಲಿಮಣೆಯನ್ನು ನನ್ನ ಮುಂದೆ ತಳ್ಳಿದಳು. ಆ ಕೀಲಿಮಣೆಯ ಮೇಲಿನ ಧೂಳನ್ನು ಒರೆಸಲೂ ಅವಳು ಯಾರಿಗೂ ಬಿಡುತ್ತಿರಲಿಲ್ಲ. ನಾನು ಕೆಳಗಿನ ಸಾಲಿಗೆ ಇಳಿದು, ಮೂರು ಸಲ ಓದಿ ಹೇಳಿ, ಆಮೇಲೆ ಒತ್ತಿದೆ.

ಫೈಲುಗಳು ಒಂದೊಂದಾಗಿ ಇಳಿಯಲು ಒಂದೂವರೆ ಗಂಟೆ ಹಿಡಿಯಿತು. ಒಮ್ಮೆ ಅದು ತಾನಾಗಿ ಆರಿ ಹತ್ತಿದಾಗ ನಾನು ಎದ್ದು ನಿಂತುಬಿಟ್ಟೆ. ಬೆರಳಕ್ಕ, "ಅದು ಹಾಗೇ, ಮೈ ಕೊಡವಿಕೊಳ್ಳುತ್ತೆ," ಎಂದಳು. ಸಿಸ್ಟಂ ಅಸಲಿಯೇ ಎಂದು ಅದು ಗುರುತು ಕೇಳಿದಾಗ, ಡಬ್ಬದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯ ಇಪ್ಪತ್ತೈದು ಅಕ್ಷರಗಳನ್ನು ಟಾರ್ಚು ಬಿಟ್ಟು ಓದಿದೆ, ಅವಳು ಬೆರಳು ಮಡಿಸಿ ಎಣಿಸಿಕೊಂಡಳು. ನಾಲ್ಕು ಗಂಟೆಗೆ, ಹಳೆಯ ಡಿಸ್ಕಿನಿಂದಲೇ ಚುಕ್ಕಿ ಮಾಡುವ, ಮಾತಾಡುವ ಪ್ರೋಗ್ರಾಮುಗಳನ್ನು ಹಾಕಿದ ಮೇಲೆ, ಆ ಗಂಡಸಿನ ದನಿ ಬಂತು. ನಿದ್ದೆಯಿಂದ ಎದ್ದವನಂತೆ ಎಳೆದೆಳೆದು ಮಾತಾಡಿತು.

"ಇವನೇನು ಜ್ವರ ಬಂದು ಎದ್ದನಾ?" ಎಂದು ಬೆರಳಕ್ಕ ಎರಡು ಕೀಲಿ ಒತ್ತಿ ಅದನ್ನು ಜೋರಾಗಿ ಓಡಿಸಿದಳು. ಜೇನುಹುಳದ ಗುಂಯ್ ಸದ್ದಷ್ಟೇ ಉಳಿಯಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ಮಾತ್ರ ತಲೆದೂಗುತ್ತ, ಪುಸ್ತಕಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಐದಕ್ಕೆ ಪರದೆ ಕಳಚಿ ಆಂಟಿಗೆ ಕೊಟ್ಟು ಬಂದೆ.

ಶನಿವಾರ ಮ್ಯಾನೇಜರ್ ಗುಜರಿಯವನ ಜತೆ ಬಂದಾಗ ಕುಟ್ಟಾಣಿ ಕುಟ್ಟುತ್ತಿತ್ತು. ಅವರು ಬಾಗಿಲಲ್ಲಿ ನಿಂತು ಏನೋ ಹೇಳಿದರು, ಕೇಳಲಿಲ್ಲ. ಹತ್ತಿರ ಬಂದು ಕೂಗಿದರು, ಆಗಲೂ ಕೇಳಲಿಲ್ಲ. ಬೆರಳಕ್ಕ ಹೊರಬಂದ ಹಾಳೆಯನ್ನು ಹರಿದು ಅವರ ಕೈಗಿಟ್ಟಳು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಚುಕ್ಕಿಗಳ ಮೇಲೆ ಒಮ್ಮೆ ಕೈಯಾಡಿಸಿ, ಗುಜರಿಯವನಿಗೆ ಹೋಗೆಂದು ಸನ್ನೆ ಮಾಡಿದರು. ಅವನು ಕುಟ್ಟಾಣಿಯ ಕಬ್ಬಿಣವನ್ನು ಆಸೆಯಿಂದ ಒಮ್ಮೆ ನೋಡಿ ಹೋದ.

ಕುಟ್ಟಾಣಿ ನಿಂತ ಮೇಲೆ ಮ್ಯಾನೇಜರ್, "ಇರ್ಲಿ ಬಿಡಿ ಅಕ್ಕಾ. ನಡೆಯೋವರೆಗೂ ನಡೀಲಿ. ಹೆಡ್ ಆಫೀಸಿಗೆ ನಾನು ಹೇಳ್ತೀನಿ," ಎಂದರು. "ಜೆರಾಕ್ಸ್ ಅಂಗಡೀಲಿ ಹೇಳಿದ್ರು, ಆ ಪೆನ್‌ಡ್ರೈವು ಜೋಪಾನ. ಮತ್ತೆ ಕೆಟ್ರೆ ಬೇಕಾಗುತ್ತೆ."

"ಇವಳ ಹತ್ರ ಇದೆ," ಎಂದಳು ಬೆರಳಕ್ಕ.

ಅವರು ಹೋದರು. ಅವಳು ತನ್ನ ಫೋನು ತೆಗೆದು ಅಣ್ಣನ ಮನೆಗೆ ಹಚ್ಚಿದಳು. ಅವಳು ಅಲ್ಲಿಗೆ ಬರುತ್ತಾಳೆಂದು ಮ್ಯಾನೇಜರ್ ಸೋಮವಾರವೇ ತಿಳಿಸಿಬಿಟ್ಟಿದ್ದರು. ಅತ್ತಿಗೆಯೇ ಎತ್ತಿಕೊಂಡರು. ದನಿ ಜೋರಾಗಿದ್ದುದರಿಂದ ನನಗೂ ಕೇಳುತ್ತಿತ್ತು.

"ಅತ್ತಿಗೆ, ನಾನು ಬರ್ತಿಲ್ಲ. ಮುದುಕ ಮತ್ತೆ ಮಾತಾಡ್ತಿದ್ದಾನೆ."

ಅತ್ತಿಗೆಯ ದನಿ ಸಪ್ಪಗಾಯಿತು. "ಹೊಸ ಹಾಸಿಗೆ ತರ್ಸಿದ್ದೆನಲ್ಲೇ. ಮೆತ್ತಗಿದೆ. ಕಿಟಕಿ ಪಕ್ಕಾನೇ ಹಾಕ್ಸಿದ್ದೆ, ಬೀದಿ ಸದ್ದು ಕೇಳ್ಲಿ ನಿನಗೆ ಅಂತ."

ಬೆರಳಕ್ಕ ಫೋನನ್ನು ಬಲಗಿವಿಗೆ ಇನ್ನಷ್ಟು ಒತ್ತಿಕೊಂಡಳು. ತಟ್ಟೆ ತಂದಿಡುವವರು ಬೀದಿ ಸದ್ದಿನ ಬಗ್ಗೆ ಯೋಚಿಸಿರುತ್ತಾರೆ ಎಂದು ಅವಳು ಎಣಿಸಿರಲಿಲ್ಲ ಎಂದು ನನಗನಿಸಿತು.

"ಹಾಸಿಗೆ ಹಾಗೇ ಇರ್ಲಿ ಅತ್ತಿಗೆ," ಎಂದಳು ಮೆಲ್ಲಗೆ. "ಈ ಭಾನುವಾರ ಬಂದು ಮಲಗ್ತೀನಿ. ಸೋಮವಾರ ಬೆಳಿಗ್ಗೆ ಬೇಗ ಎಬ್ಬಿಸ್ಬೇಕು, ಕೆಲಸ ಇದೆ."